ವೈಸ್ ಸಿಟಿ ನೆನಪಿಡದ ಮಯಾಮಿ

2006ರ ಅಕ್ಟೋಬರ್ ಕೊನೆಯಲ್ಲಿ ಸೋನಿಯ ಪಿಎಸ್‌ಪಿ ಎಂಬ ಕೈಯಾಟದ ಯಂತ್ರಕ್ಕೆಂದು ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ ಸ್ಟೋರೀಸ್’ ಬಂದಾಗ, ಆರು ಸೆಂಟಿಮೀಟರ್ ಅಗಲದ ಡಿಸ್ಕಿನಲ್ಲಿ ಇಡೀ ನಗರವೊಂದು ಅಡಗಿ ಕುಳಿತಿತ್ತು. ನಿಯಾನ್ ದೀಪಗಳು, ತಾಳೆಮರಗಳ ಸಾಲು, ಕಡಲತೀರದ ಹೋಟೆಲುಗಳು, ಕಾರಿನ ರೇಡಿಯೊದಲ್ಲಿ ಆ ಕಾಲದ ಹಾಡುಗಳು. ಕಾಲ 1984, ಊರು, ಹೆಸರು ಬದಲಿಸಿಕೊಂಡ ಮಯಾಮಿ. ಆಟಗಾರ ತನಗೆ ಬೇಕಾದ ದಿಕ್ಕಿಗೆ ಗಾಡಿ ಓಡಿಸಬಹುದು, ಯಾರದೇ ಗಾಡಿಯನ್ನೂ ಕಸಿದುಕೊಳ್ಳಬಹುದು. ಸರಣಿಯ ಆರನೆಯ ಆಟ ಅದೇ ವೈಸ್ ಸಿಟಿಗೆ ಮರಳಲಿದೆಯೆಂದು 2023ರ ಡಿಸೆಂಬರಿನಲ್ಲಿ ತಿಳಿದ ಮೇಲೆ, ಆ ಹಳೆಯ ಆಟಗಳ ಹಂಬಲವೂ ಮರಳಿದೆ.

ಆ ಹಂಬಲ ಯಾವ ಊರಿನದು ಎಂಬುದೇ ಪ್ರಶ್ನೆ. 1984ರ ಸೆಪ್ಟೆಂಬರಿನಲ್ಲಿ ‘ಮಯಾಮಿ ವೈಸ್’ ಎಂಬ ಟಿವಿ ಧಾರಾವಾಹಿ ಆರಂಭವಾಯಿತು. ಅದರ ಮೊದಲ ಕಂತಿನಲ್ಲಿ ಫಿಲ್ ಕಾಲಿನ್ಸ್ ಹಾಡೊಂದು ಮೊಳಗಿತ್ತು. ಆಟದಲ್ಲಿ ಅದೇ ಕಾಲಿನ್ಸ್ ತಾವಾಗಿಯೇ ಪಾತ್ರವಾಗಿ ಬಂದು, ಅದೇ ಹಾಡನ್ನು ಹಾಡುತ್ತಾರೆ. ಅಂದರೆ ಆಟ ನೆನಪಿಸಿಕೊಳ್ಳುವುದು ನಗರವನ್ನಲ್ಲ, ನಗರದ ಕುರಿತ ಧಾರಾವಾಹಿಯನ್ನು. ನಾಯಕ ವಿಕ್ಟರ್ ವ್ಯಾನ್ಸ್ ಡೊಮಿನಿಕನ್ ಮೂಲದವನು; ಕಾಯಿಲೆಯ ತಮ್ಮನ ಖರ್ಚಿಗಾಗಿ ಸೇನೆ ಸೇರಿ, ಮೇಲಧಿಕಾರಿಯ ಕಳ್ಳದಂಧೆಗೆ ಸಿಲುಕಿ ಹೊರಬೀಳುತ್ತಾನೆ. ಕತೆಯ ಬೀಜ ಗಟ್ಟಿಯಾಗಿಯೇ ಇದೆ. ಆದರೆ ಕೆಲವೇ ತಾಸಿನ ಆಟದೊಳಗೆ ಅವನು ಸಾಮ್ರಾಜ್ಯ ಕಟ್ಟುವ ಪಾತಕಿಯಾಗುತ್ತಾನೆ. ಇಂಥ ಆಟಗಳಿಂದ ಮಕ್ಕಳು ಹಿಂಸೆಗಿಳಿಯುತ್ತಾರೆಂಬ ಹಳೆಯ ಗದ್ದಲಕ್ಕೆ ಇಲ್ಲಿ ಕೆಲಸವಿಲ್ಲ. ಗಮನಿಸಬೇಕಾದದ್ದು ಆಟದ ನಿಯಮಗಳನ್ನು.

ಅಪರಾಧವೆಸಗಿದರೆ ಪರದೆಯ ಮೂಲೆಯಲ್ಲಿ ನಕ್ಷತ್ರಗಳು ಮಿನುಗುತ್ತವೆ, ಆರರವರೆಗೆ. ಪೊಲೀಸರು ಬೆನ್ನಟ್ಟುತ್ತಾರೆ. ಸಿಕ್ಕಿಬಿದ್ದರೆ ಆಯುಧಗಳು, ಒಂದಿಷ್ಟು ಹಣ ಹೋಗುತ್ತವೆ. ಮರುಕ್ಷಣ ಆಟಗಾರ ಠಾಣೆಯ ಬಾಗಿಲಲ್ಲಿ ಸ್ವತಂತ್ರವಾಗಿ ನಿಂತಿರುತ್ತಾನೆ. ಇನ್ನೂ ಸುಲಭದ ದಾರಿಯಿದೆ: ಗ್ಯಾರೇಜಿಗೆ ನುಗ್ಗಿ ಕಾರಿನ ಬಣ್ಣ ಬದಲಿಸಿದರೆ ಪೊಲೀಸರು ಎಲ್ಲವನ್ನೂ ಮರೆಯುತ್ತಾರೆ.

ನಿಜವಾದ ಮಯಾಮಿಯಲ್ಲಿ 1979ರ ಡಿಸೆಂಬರಿನಲ್ಲೂ ಒಂದು ಬೆನ್ನಟ್ಟುವಿಕೆ ನಡೆಯಿತು. ಆರ್ಥರ್ ಮೆಕ್‌ಡಫಿ 33 ವರ್ಷದ ಕಪ್ಪು ಜನಾಂಗದ ವಿಮಾ ಏಜೆಂಟ್, ನೌಕಾದಳದ ಮರೀನ್ ಪಡೆಯ ಮಾಜಿ ಯೋಧ. ಮೋಟಾರ್‌ಸೈಕಲ್ಲಿನಲ್ಲಿ ಹೊರಟಿದ್ದ ಅವರನ್ನು ಪೊಲೀಸರು ಬೆನ್ನಟ್ಟಿ ಹಿಡಿದು, ತಲೆಯೊಡೆಯುವಂತೆ ಬಡಿದರು. ಅದನ್ನು ಅಪಘಾತವೆಂದು ತೋರಿಸಲೂ ಯತ್ನಿಸಿದರು. ನಾಲ್ಕು ದಿನಗಳ ಬಳಿಕ ಮೆಕ್‌ಡಫಿ ತೀರಿಕೊಂಡರು. ಟ್ಯಾಂಪಾಕ್ಕೆ ವರ್ಗವಾದ ವಿಚಾರಣೆಯಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ 1980ರ ಮೇ 17ರಂದು ಪೊಲೀಸರನ್ನು ಖುಲಾಸೆಗೊಳಿಸಿತು. ಲಿಬರ್ಟಿ ಸಿಟಿ ಎಂಬ ಕಪ್ಪು ಜನರ ಬಡಾವಣೆ ಹೊತ್ತಿ ಉರಿಯಿತು. 18 ಜನ ಸತ್ತರು. ಈ ಆಟಗಳ ಸರಣಿಯಲ್ಲೂ ಒಂದು ಲಿಬರ್ಟಿ ಸಿಟಿ ಇದೆ. ಅದು ನ್ಯೂಯಾರ್ಕಿಗೆ ಇಟ್ಟ ಅಡ್ಡಹೆಸರು.

ಅದೇ ವರ್ಷದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ಫ್ಲೋರಿಡಾಕ್ಕೆ ಬಂದಿಳಿದರು. ಹೈಟಿಯಿಂದಲೂ ದೋಣಿಗಳು ಬಂದವು. ಇಬ್ಬರೂ ದಾಟಿದ್ದು ಒಂದೇ ಕಡಲು. ಕ್ಯೂಬನ್ನರಿಗೆ 1966ರ ಕಾಯ್ದೆಯೊಂದು ಕಾಯಂ ವಾಸದ ಹಾದಿ ತೆರೆದಿಟ್ಟಿತ್ತು. ಹೈಟಿಯವರನ್ನು ಹೊಟ್ಟೆಪಾಡಿನ ವಲಸಿಗರೆಂದು ಬದಿಗೆ ಸರಿಸಿ, ಅನೇಕರನ್ನು ಕ್ರೋಮ್ ಬಂಧನ ಕೇಂದ್ರದಲ್ಲಿಡಲಾಯಿತು. 1981ರ ಸೆಪ್ಟೆಂಬರಿನಲ್ಲಿ ರೇಗನ್ ಸರ್ಕಾರ ಅವರ ದೋಣಿಗಳನ್ನು ನಡುಗಡಲಿನಲ್ಲೇ ತಡೆದು ಹಿಂದಿರುಗಿಸುವ ಆದೇಶ ಹೊರಡಿಸಿತು. ಇಂತಹ ಜನರು 2002ರ ‘ವೈಸ್ ಸಿಟಿ’ ಆಟದಲ್ಲಿ ಕಾಣಿಸಿಕೊಂಡದ್ದು ಹೇಗೆ? ಕ್ಯೂಬನ್ನರೊಡನೆ ಕಾದಾಡುವ ಒಂದು ಪಾತಕಿ ಗುಂಪಾಗಿ. ಹೈಟಿಯನ್ನರನ್ನು ಕೊಲ್ಲಬೇಕೆಂಬ ಮಾತೂ ಅದರಲ್ಲಿತ್ತು. 2003ರಲ್ಲಿ ಅಮೆರಿಕದ ಹೈಟಿಯನ್ ಸಮುದಾಯ ಪ್ರತಿಭಟಿಸಿದ ನಂತರವೇ ಕಂಪನಿ ಮುಂದಿನ ಪ್ರತಿಗಳಿಂದ ಆ ಮಾತುಗಳನ್ನು ತೆಗೆಯಲು ಒಪ್ಪಿತು. ಆಟದಲ್ಲಿ ವಿಡಂಬನೆಯಿದೆ, ರೇಡಿಯೊ ಜಾಹೀರಾತುಗಳು ರೇಗನ್ ಕಾಲದ ದುರಾಸೆಯನ್ನು ಗೇಲಿ ಮಾಡುತ್ತವೆ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಗೇಲಿ ಸಿರಿವಂತನ ಪಾಲಿಗೆ, ಗುಂಡು ನಿರಾಶ್ರಿತನ ಪಾಲಿಗೆ ಎಂದಾದರೆ, ಅದು ಎಂಥ ವಿಡಂಬನೆ?

ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಪರರ ಕತೆಯಲ್ಲ. ಕೌಶಲದ ವೀಸಾದಲ್ಲಿ ಬಂದವರು ಸಭ್ಯರು, ಗಡಿ ದಾಟಿ ಬಂದವರು ಅಪರಾಧಿಗಳು ಎಂಬ ಮಾತು ಕನ್ನಡ ಸಂಘಗಳ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ದೋಣಿಗಳನ್ನು ಎರಡು ಪಾಲು ಮಾಡಿದ ತಕ್ಕಡಿಯೇ ಅದು. ತಕ್ಕಡಿ ಯಾವ ದಿನ ಯಾರ ಕಡೆ ವಾಲೀತೆಂಬ ಭರವಸೆ ವೀಸಾದ ಹಾಳೆಯಲ್ಲಿಲ್ಲ. ಹಳೆಯ ಕಾಲದ ಹಂಬಲವೂ ಈ ಮನೆಗಳಿಗೆ ಹೊಸದೇನಲ್ಲ. ಊರು ಬಿಟ್ಟ ವರ್ಷದಲ್ಲೇ ನಿಂತುಹೋದ ಒಂದು ಕರ್ನಾಟಕವನ್ನು ಅನೇಕರು ಅಂಗೈಯಲ್ಲೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ಎಂಬತ್ತರ ದಶಕದ ಚಿತ್ರಗೀತೆಗಳಿವೆ, ಹಬ್ಬಗಳಿವೆ, ಜಗುಲಿಯಿರುವ ಅಜ್ಜನ ಮನೆಯಿದೆ. ಜಗುಲಿ ಹತ್ತಲು ಅನುಮತಿಯಿಲ್ಲದೆ ಅಂಗಳದಲ್ಲೇ ನಿಂತು, ಎತ್ತರದಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದು ಹೋದವರು ಮಾತ್ರ ಆ ಚಿತ್ರದಲ್ಲಿಲ್ಲ.