ಏಳು ಮನೆಯ ಅನ್ನ ಮಣ್ಣುಪಾಲು

ಬೆಳಗ್ಗೆ ಆರೂವರೆಗೆ ಜೆಸಿಬಿ ಬಂತು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ನಮ್ಮ ಕೇರಿ ಇರಲಿಲ್ಲ.

ಬೆಂಗಳೂರಿನ ಅಂಚಿನಲ್ಲಿ, ಕೆರೆಯ ಪಕ್ಕದ ಆ ಜೋಪಡಿ ಕೇರಿಯಲ್ಲಿ ಆರು ವರ್ಷದಿಂದ ಸಂಜೆ ಪಾಠ ಹೇಳಿಕೊಡುತ್ತಿದ್ದೆ. ತಗಡಿನ ಶೆಡ್ಡು, ಕಪ್ಪು ಬಣ್ಣ ಬಳಿದ ಪ್ಲೈವುಡ್ ಬೋರ್ಡು, ಕೂರಲು ಹಳೆಯ ಫ್ಲೆಕ್ಸು. ನಲವತ್ತು ಮಕ್ಕಳಲ್ಲಿ ಐವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇಬ್ಬರು ಬಸ್ ಸ್ಟ್ಯಾಂಡಿನಲ್ಲಿ ಚಿಂದಿ ಆಯುತ್ತಿದ್ದವರು. ಇನ್ನಿಬ್ಬರು ಅಕ್ಕ-ತಮ್ಮ, ಗಾರೆ ಕೆಲಸಕ್ಕೆ ಬಂದಿದ್ದ ಅವರ ತಾಯಿ ಇಲ್ಲೇ ಜ್ವರದಲ್ಲಿ ತೀರಿಕೊಂಡಳು. ಐದನೆಯವನು ರೈಲು ಹತ್ತಿ ಬಂದವನು. ಊರು ಯಾವುದೆಂದರೆ ತಲೆ ತಗ್ಗಿಸುತ್ತಿದ್ದ.

ಇವರನ್ನು ಸಾಕಿದವರು ಪೌರಕಾರ್ಮಿಕ ಹೆಂಗಸರು, ಮನೆಗೆಲಸದವರು, ಗಾರ್ಮೆಂಟ್ಸಿಗೆ ಹೋಗುವವರು. ಏಳು ಮನೆಯವರು ಸರದಿ ಹಾಕಿಕೊಂಡಿದ್ದರು. ಸೋಮವಾರ ಒಬ್ಬರ ಮನೆಯ ಊಟ, ಮಂಗಳವಾರ ಮತ್ತೊಬ್ಬರದು. ನಮ್ಮ ನಾಡಿನಲ್ಲಿ ಇದಕ್ಕೆ ವಾರಾನ್ನ ಎಂಬ ಹೆಸರಿದೆ. ವಾರಾನ್ನ ಉಂಡು ಓದಿ ದೊಡ್ಡವರಾದವರ ಕಥೆಯನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಂದಿನ ವಾರಾನ್ನ ಬಹುಮಟ್ಟಿಗೆ ಜಾತಿ ನೋಡಿ ಎಲೆ ಹಾಕಿತು. ಈ ತಾಯಂದಿರು ಕೇಳಿದ್ದು ಒಂದೇ ಮಾತು: "ಉಂಡ್ಯಾ ಮಗಾ?"

ವಾರಕ್ಕೆ ಮನೆಗೆ ಹತ್ತು ರೂಪಾಯಿ ಈ ಹೆಂಗಸರ ಸಂಘಕ್ಕೆ. ಅದರ ಲೆಕ್ಕ ಬರೆಯುತ್ತಿದ್ದವಳು ಆ ಅಕ್ಕನೇ, ಏಳನೇ ಕ್ಲಾಸಿನ ಹುಡುಗಿ. ತಮ್ಮನಿಗೆ ಚಪ್ಪಲಿ 120. ಜ್ಯಾಮಿಟ್ರಿ ಬಾಕ್ಸು 80. ಜ್ವರದ ಔಷಧಿ 65. ತನಗಾಗಿ ಮಾಡಿದ ಖರ್ಚನ್ನು ಮಾತ್ರ ಚಿಕ್ಕ ಅಕ್ಷರದಲ್ಲಿ ಬರೆಯುತ್ತಿದ್ದಳು, ಭಾರವಾದೆನೇನೋ ಎಂಬ ಅಂಜಿಕೆಗೆ. ಹೆಂಗಸರು ತಲೆ ನೇವರಿಸಿ, "ನೀನು ಬ್ಯಾಂಕಲ್ಲಿ ಕೂರ್ತೀಯ ನೋಡು" ಅನ್ನುತ್ತಿದ್ದರು. ಆ ಮಾತಿನ ಬಲದ ಮೇಲೆ ಅವಳು ಓದುತ್ತಿದ್ದಳು.

ಕದ್ದುಮುಚ್ಚಿ ಸಾಕಲಿಲ್ಲ. ಐವರನ್ನೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದು ಹೆಸರು ಬರೆಸಿದ್ದೆವು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಿರಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಆ ಕಾಯ್ದೆಯ ಆಶಯವನ್ನು ಈ ಹೆಂಗಸರು ತಮ್ಮ ಅಂಗಳದಲ್ಲಿ ನಡೆಸಿ ತೋರಿಸಿದ್ದರು. ಸರ್ಕಾರದ ಒಂದು ಕೈ ಹೆಸರು ಬರೆದುಕೊಂಡ ಮಕ್ಕಳ ಸೂರಿನ ಮೇಲೆ ಇನ್ನೊಂದು ಕೈ ಯಂತ್ರ ಹರಿಸಿತು.

"ಐದು ನಿಮಿಷ ಕೊಡಿ ಸಾರ್, ಮಕ್ಕಳ ಪುಸ್ತಕ ಇದಾವೆ" ಎಂದು ಒಬ್ಬ ತಾಯಿ ಕೈಮುಗಿದಳು. "ಆರ್ಡರ್ ಆಗಿದೆಯಮ್ಮ, ಪಕ್ಕಕ್ಕೆ ಬನ್ನಿ" ಎಂದರು ಸಾಹೇಬರು. ಬೋರ್ಡು ಎರಡು ತುಂಡಾಯಿತು. ಹಿಂದಿನ ಸಂಜೆ ಬರೆಸಿದ್ದ ಒಂಬತ್ತರ ಮಗ್ಗಿ ಅದರ ಮೇಲಿತ್ತು.

ಬೀದಿಯ ಮಗು ದೊಡ್ಡವರನ್ನು ನಂಬಲು ತಿಂಗಳುಗಟ್ಟಲೆ ಬೇಕು. 1980ರಲ್ಲಿ ಶುರುವಾದ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಮಕ್ಕಳಿದ್ದ ಬೀದಿಗೇ ಹೋಗಿ ಅವರ ಜತೆ ಕೂತದ್ದು ಅದಕ್ಕೇ. 1990ರಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಹುಟ್ಟಿದ್ದೂ ಇದೇ ನೆಲದಲ್ಲಿ. ಮಕ್ಕಳು ತಮ್ಮ ಮಾತನ್ನು ತಾವೇ ಆಡಿದರು. ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಆದರೂ ಆರು ವರ್ಷ ಕಟ್ಟಿದ ನಂಬಿಕೆಯನ್ನು ಮೂರೂವರೆ ಗಂಟೆಯಲ್ಲಿ ಕೆಡವಿದರು. ಸಾಕಿದ ಏಳು ಮನೆಗಳು ಏಳು ದಿಕ್ಕಾದವು. ಚಿಂದಿ ಆಯುತ್ತಿದ್ದ ಇಬ್ಬರೂ ಮತ್ತೆ ಬಸ್ ಸ್ಟ್ಯಾಂಡಿನಲ್ಲಿದ್ದಾರೆ. ರೈಲಿನಲ್ಲಿ ಬಂದಿದ್ದವನು ಎಲ್ಲಿ ಹುಡುಕಿದರೂ ಸಿಕ್ಕಿಲ್ಲ.

ಕೆರೆ ಉಳಿಯಬೇಕು, ನಿಜ. ಹಾಗೆಂದು ಮಕ್ಕಳನ್ನು ಬೀದಿಗೆಸೆದು ಕೆರೆ ಉಳಿಸುವುದು ಯಾವ ನ್ಯಾಯ? ಈ ನಗರದಲ್ಲಿ ಇದು ಮೊದಲ ಸಲವೂ ಅಲ್ಲ. 2013ರ ಜನವರಿಯ ಚಳಿಯಲ್ಲಿ ಈಜೀಪುರದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ಅವರ ತಗಡಿನ ಮನೆಗಳನ್ನು ಕೆಡವಿದರು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ವಲಸೆ ಕೂಲಿಗಳಿಗೆ ಬಾಂಗ್ಲಾದವರೆಂಬ ಹಣೆಪಟ್ಟಿ ಹಚ್ಚಿದರು. ಹೈಕೋರ್ಟ್ ತಡೆಯುವ ಹೊತ್ತಿಗೆ ಜೋಪಡಿಗಳು ನೆಲಕಚ್ಚಿದ್ದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಕೆಡವುವ ಮೊದಲು 15 ದಿನದ ನೋಟಿಸು ಕೊಡಲೇಬೇಕೆಂದಿತು. ಆದರೆ ರಸ್ತೆ, ಫುಟ್‌ಪಾತು, ರೈಲು ಹಳಿ, ನದಿ, ಕೆರೆಯ ಅಂಚಿನ ಒತ್ತುವರಿಗೆ ಆ ರಕ್ಷಣೆ ಇಲ್ಲ. ಕಡುಬಡವ ಗುಡಿಸಲು ಹಾಕುವುದು ಅಲ್ಲೇ. ಬೇರೆಲ್ಲೂ ಅವನಿಗೆ ಈ ನಗರ ಕಾಲಿಡಲು ಬಿಟ್ಟಿಲ್ಲ.

ನಾವು ಭಿಕ್ಷೆ ಕೇಳುತ್ತಿಲ್ಲ. ಯಂತ್ರ ಕೇರಿಗೆ ಬರುವ ಮೊದಲು ಅಲ್ಲಿನ ಮಕ್ಕಳನ್ನು ಹೆಸರು ಹಿಡಿದು ಎಣಿಸಿ. ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆಯಿಲ್ಲದೆ ಅನಾಥ ಮಗುವಿನ ಸೂರು ಮುಟ್ಟಬೇಡಿ. ಶಾಲೆಯ ವರ್ಷದ ನಡುವೆ ಯಾರನ್ನೂ ಎಬ್ಬಿಸಬೇಡಿ. ಬದಲಿ ಜಾಗ ಕೊಡುವಾಗ ಕೇರಿಯನ್ನು ಕೇರಿಯಾಗಿಯೇ ಉಳಿಸಿ. ಸರದಿಯ ಏಳು ಮನೆಗಳು ಒಂದೇ ಸಾಲಿನಲ್ಲಿರಲಿ. ಒಗ್ಗೂಡಿ ಬಾಳುವುದೊಂದೇ ಅವರ ಆಸ್ತಿ. ಅದನ್ನು ಚದುರಿಸುವ ಹಕ್ಕನ್ನು ನಿಮಗೆ ಯಾರೂ ಕೊಟ್ಟಿಲ್ಲ.

ಮೂರನೇ ದಿನ ಮಣ್ಣು ಕೆದಕಿ ಲೆಕ್ಕದ ಪುಸ್ತಕ ತೆಗೆದೆವು. ಅಕ್ಕ ಅದನ್ನು ಲಂಗದಿಂದ ಒರೆಸಿ ಎದೆಗವಚಿಕೊಂಡಳು. ಅಂದು ರಾತ್ರಿ ಫ್ಲೈಓವರಿನ ಕೆಳಗೆ, ಹಂಚಿಕೊಂಡ ಬನ್ನು ಮುಗಿದ ಮೇಲೆ, ತಮ್ಮ ಕೇಳಿದ: "ಅಕ್ಕಾ, ನಾಳೆ ಯಾರ ಮನೆ?"

ಆಜ್ಞೆಗೆ ರುಜು ಹಾಕಿದವರೇ, ಆ ಹುಡುಗ ಇನ್ನೂ ಕಾಯುತ್ತಿದ್ದಾನೆ. ಬಂದು ಅವನಿಗೆ ಉತ್ತರ ಹೇಳಿ.