ಆಟಗಾರರ ಹಂಚಿಕೆಯಲ್ಲಿ ನ್ಯಾಯ

ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯಲ್ಲಿ ಆಟಗಾರರನ್ನು ಆರು ತಂಡಗಳಿಗೆ ಹಂಚುವ ಕ್ರಮವನ್ನು ಕುರಿತು ಕರ್ಣಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು ಪುನರಾಲೋಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ೨೦೨೨ರಲ್ಲಿ ಈ ಪಂದ್ಯಾವಳಿಯು ಆರಂಭವಾದಾಗ, ಆಟಗಾರರನ್ನು ವರ್ಗಗಳಾಗಿ ವಿಂಗಡಿಸಿ, ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಪದ್ಧತಿಯು ಇದ್ದಿತು. ೨೦೨೩ರಲ್ಲಿ ಅದರ ಸ್ಥಾನಕ್ಕೆ ಹರಾಜು ಬಂದಿತು. ೨೦೨೫ರಲ್ಲಿಯೂ ಹರಾಜೇ ನಡೆಯಿತು.

ಹರಾಜನ್ನು ನಾವು ಹಳಿಯುವುದಿಲ್ಲ. ಪ್ರಸಿದ್ಧನಾದ ಆಟಗಾರನು ತನ್ನ ಯೋಗ್ಯತೆಗೆ ತಕ್ಕ ಬೆಲೆಯನ್ನು ಪಡೆಯುವುದು ನ್ಯಾಯವೇ. ೨೦೨೩ರಲ್ಲಿ ಶ್ರೀ ಅಭಿನವ ಮನೋಹರರಿಗೆ ೧೫ ಲಕ್ಷ ರೂಪಾಯಿ ದೊರೆಯಿತೆಂದು ಯಾರೂ ಅಸೂಯೆಪಡಬೇಕಾಗಿಲ್ಲ. ಆದರೆ ಇನ್ನೂ ಹೆಸರು ಮಾಡದ ತರುಣನ ಸರದಿ ಬರುವ ವೇಳೆಗೆ ಥೈಲಿಯು ಬರಿದಾಗಿರುವುದುಂಟು. ಆದುದರಿಂದ ಅನುಭವಿಗಳಿಗೆ ಹರಾಜೂ, ಹೊಸಬರಿಗೆ ಗೊತ್ತಾದ ಸಂಭಾವನೆಯ ಮೇಲೆ ಸರದಿ ಆಯ್ಕೆಯೂ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಇನ್ನು ಸರದಿಯ ವಿಚಾರ. ಪ್ರತಿ ಸುತ್ತಿನಲ್ಲಿಯೂ ಅದೇ ತಂಡವು ಮೊದಲು ಆರಿಸುವುದಾದರೆ, ಎರಡು ಸುತ್ತುಗಳಲ್ಲಿ ಅದಕ್ಕೆ ೧ ಮತ್ತು ೭ನೆಯ ಆಯ್ಕೆಗಳು ಸಲ್ಲುತ್ತವೆ. ಕಡೆಯ ತಂಡಕ್ಕೆ ೬ ಮತ್ತು ೧೨. ಎರಡನೆಯ ಸುತ್ತಿನಲ್ಲಿ ಕ್ರಮವನ್ನು ತಿರುಗಿಸಿದರೆ ಮೊದಲಿನವರಿಗೆ ೧ ಮತ್ತು ೧೨, ಕಡೆಯವರಿಗೆ ೬ ಮತ್ತು ೭. ಯಾವ ತಂಡದ ಅಂಕಿಗಳನ್ನು ಕೂಡಿದರೂ ೧೩. ಇಷ್ಟು ಸುಲಭವಾದ ಸಮತೆಯನ್ನು ಬಿಡಲು ಕಾರಣವಿಲ್ಲ.

ಮೊದಲ ಸರದಿ ಯಾರದು? ಅಮೆರಿಕಾದ ಫುಟ್‌ಬಾಲ್ ಲೀಗಿನವರು ೧೯೩೬ರಿಂದ ಕಡೆಯ ಸ್ಥಾನದವರಿಗೆ ಮೊದಲ ಆಯ್ಕೆಯನ್ನು ಕೊಟ್ಟರು. ಅಲ್ಲಿಯ ಬಾಸ್ಕೆಟ್‌ಬಾಲಿನಲ್ಲಿ ಇದೇ ಆಸೆಯಿಂದ ತಂಡಗಳು ಬೇಕೆಂದೇ ಸೋಲುವುವೆಂಬ ಸಂದೇಹವು ಹುಟ್ಟಿ, ೧೯೮೫ರಲ್ಲಿ ಚೀಟಿ ಎತ್ತುವ ಕ್ರಮವು ಬಂದಿತು. ೨೦೧೯ರಲ್ಲಿ ಅತಿ ದುರ್ಬಲವಾದ ಮೂರು ತಂಡಗಳಿಗೂ ಶೇಕಡಾ ೧೪ರಷ್ಟು ಸಮಾನ ಅವಕಾಶವನ್ನು ವಿಧಿಸಲಾಯಿತು. ನಮಗಂತೂ ಈ ಎಚ್ಚರಿಕೆಯು ಇಮ್ಮಡಿಯಾಗಿ ಬೇಕು. ೨೦೧೯ರಲ್ಲಿ ಕರ್ಣಾಟಕ ಪ್ರೀಮಿಯರ್ ಲೀಗಿಗೆ ಬೆಟ್ಟಿಂಗಿನ ಕಳಂಕವು ತಗುಲಿ ಬಂಧನಗಳಾದುದನ್ನೂ, ಆ ಲೀಗು ನಿಂತುಹೋದುದನ್ನೂ ವಾಚಕರು ಮರೆತಿರಲಾರರು. ಸೋಲಿಗೆ ಬಹುಮಾನ ಕೊಡುವ ನಿಯಮವು ಇಂಥ ನೆಲದಲ್ಲಿ ಅಪಾಯಕರ. ಆದುದರಿಂದ ಹಿಂದಿನ ವರ್ಷದ ಕೆಳಗಿನ ಮೂರು ತಂಡಗಳ ಹೆಸರಿನಲ್ಲಿ ಸಮನಾದ ಚೀಟಿಗಳನ್ನು ಹಾಕಿ ಬಹಿರಂಗವಾಗಿ ಎತ್ತಲಿ. ಮೇಲಿನ ಮೂವರ ಕ್ರಮವನ್ನೂ ಆ ಬಳಿಕ ಹಾಗೆಯೇ ಗೊತ್ತುಮಾಡಲಿ.

ಅದೃಷ್ಟಕ್ಕೆ ಬಿಡುವುದು ನ್ಯಾಯವೇ ಎಂದು ಕೇಳುವವರುಂಟು. ಸರದಿಯು ಅವಕಾಶವನ್ನು ಕೊಡುತ್ತದೆಯೇ ಹೊರತು ವಿವೇಕವನ್ನಲ್ಲ. ೨೦೦೮ರಲ್ಲಿ ಐಪಿಎಲ್‌ನ ತರುಣರ ಆಯ್ಕೆಯಲ್ಲಿ ಡೆಲ್ಲಿಯವರು ಪ್ರದೀಪ ಸಾಂಗ್ವಾನರನ್ನು ಆರಿಸಿಕೊಂಡು ತಮ್ಮೂರಿನವರೇ ಆದ ವಿರಾಟ್ ಕೊಹ್ಲಿಯವರನ್ನು ಬಿಟ್ಟರು, ಬೆಂಗಳೂರಿನವರು ಕೈಹಿಡಿದರು. ಫಲವನ್ನು ಲೋಕವೇ ಕಂಡಿದೆ.

ನಮ್ಮ ಹಾಸನ ಜಿಲ್ಲೆಯ ಹೆಸರಿನ ತಂಡವು ಆ ಆರರಲ್ಲಿಲ್ಲ. ಆದರೂ ಅರಸೀಕೆರೆಯಲ್ಲಿ ಜನಿಸಿದ ದಿವಂಗತ ಡೇವಿಡ್ ಜಾನ್ಸನ್ನರು ೧೯೯೬ರಲ್ಲಿ ಭಾರತದ ಪರವಾಗಿ ಎರಡು ಟೆಸ್ಟುಗಳನ್ನಾಡಿದರು. ಅರೇಹಳ್ಳಿಯ ಕಾಫಿ ತೋಟಗಳ ನಡುವೆ ಚೆಂಡೆಸೆಯುವ ಹುಡುಗನಿಗೆ ಹರಾಜಿನಲ್ಲಿ ಕೂಗುವವರಾರೂ ಪರಿಚಿತರಲ್ಲ. ನಿಯಮವೊಂದೇ ಅವನಿಗೆ ಆಸರೆ. ಸಂಸ್ಥೆಯವರು ನಿಯಮಗಳನ್ನು ಆಯ್ಕೆಗೆ ಮುಂಚಿತವಾಗಿಯೇ ಪ್ರಕಟಿಸಿ, ಅವುಗಳಂತೆಯೇ ನಡೆದುಕೊಳ್ಳುವರೆಂದು ನಂಬುತ್ತೇವೆ.