ಹೆಸರು ಊರಿನದು, ಹಕ್ಕು ಒಡೆಯನದು

ಆಟಕ್ಕೂ ರಾಜಕಾರಣಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ಕೆನಡಾದ ಮಾಂಟ್ರಿಯಲ್ ನಗರದ ಬೇಸ್‌ಬಾಲ್ ತಂಡವೊಂದರ ಹತ್ತು ವರ್ಷಗಳ ಕತೆಯನ್ನು ಹೇಳಬೇಕೆನಿಸುತ್ತದೆ. 1994ರ ಆಗಸ್ಟಿನಲ್ಲಿ ಎಕ್ಸ್‌ಪೋಸ್ ಎಂಬ ಈ ತಂಡ ಅಮೆರಿಕದ ಪ್ರಧಾನ ಲೀಗಿನಲ್ಲೇ ಎಲ್ಲಕ್ಕಿಂತ ಮುಂದಿತ್ತು. 2004ರ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ತನ್ನ ಊರಿಗೇ ಎರವಾಗಿತ್ತು. ಈ ಅವನತಿಗೆ ಸಾಮಾನ್ಯವಾಗಿ ಕೊಡಲಾಗುವ ಕಾರಣ ಒಂದೇ: ಫ್ರೆಂಚ್ ಮಾತನಾಡುವ, ಐಸ್ ಹಾಕಿಯನ್ನು ಆರಾಧಿಸುವ ಆ ಜನಕ್ಕೆ ಬೇಸ್‌ಬಾಲ್ ಒಗ್ಗಲಿಲ್ಲ ಎಂಬುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಡೆಯರು ಕೈಗೊಂಡ ನಿರ್ಧಾರಗಳ ಹೊಣೆಯನ್ನು ನೋಡುಗರ ಭಾಷೆಯ ಮೇಲೆ, ಸಂಸ್ಕೃತಿಯ ಮೇಲೆ ಹೊರಿಸುವ ಈ ಚಾಳಿ ಬೇಸ್‌ಬಾಲಿಗೆ ಮಾತ್ರ ಸೀಮಿತವಾದುದಲ್ಲವಾದ್ದರಿಂದ ಅದನ್ನು ಇಲ್ಲಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಮಾಂಟ್ರಿಯಲ್ ಬೇಸ್‌ಬಾಲಿಗೆ ಅಪರಿಚಿತವಾದ ಊರೇನೂ ಆಗಿರಲಿಲ್ಲ. ಪ್ರಧಾನ ಲೀಗಿನ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿದ್ದ ಕಾಲದಲ್ಲಿ, 1946ರಲ್ಲಿ, ಜಾಕಿ ರಾಬಿನ್ಸನ್ ಆಡಿದ್ದು ಇಲ್ಲಿನ ರಾಯಲ್ಸ್ ಎಂಬ ಕೆಳಹಂತದ ತಂಡದಲ್ಲಿ. ಆತ ಬ್ರೂಕ್ಲಿನ್ನಿಗೆ ಹೋಗಿ ವರ್ಣಭೇದದ ಗೋಡೆಯನ್ನು ಒಡೆದದ್ದು ಮರುವರ್ಷ. 1969ರಲ್ಲಿ ಎಕ್ಸ್‌ಪೋಸ್ ಹುಟ್ಟಿದಾಗ ಅದು ಅಮೆರಿಕದ ಹೊರಗಿನ ಮೊತ್ತಮೊದಲ ಪ್ರಧಾನ ಲೀಗ್ ತಂಡವಾಗಿತ್ತು. 1967ರಲ್ಲಿ ಆ ನಗರದಲ್ಲಿ ನಡೆದ ವಿಶ್ವಪ್ರದರ್ಶನದಿಂದ ಅದಕ್ಕೆ ಹೆಸರು ಬಂತು. 1982 ಮತ್ತು 1983ರಲ್ಲಿ ವರ್ಷಕ್ಕೆ 23 ಲಕ್ಷಕ್ಕೂ ಮಿಕ್ಕಿ ಜನ ಹಣ ತೆತ್ತು ಅದರ ಆಟವನ್ನು ನೋಡಿದರು. ಇದು ಆಟ ಒಗ್ಗದ ಊರಿನ ಅಂಕಿಯಲ್ಲ.

ಅಂಕಿಗಿಂತಲೂ ಮುಖ್ಯವಾದುದು ಮಾತು. 1972ರಿಂದ 2004ರವರೆಗೆ ಝಾಕ್ ಡೂಸೆ ಎಂಬವರು ಈ ತಂಡದ ಆಟಗಳನ್ನು ರೇಡಿಯೋದಲ್ಲಿ ಫ್ರೆಂಚ್ ಭಾಷೆಯಲ್ಲಿ ಬಣ್ಣಿಸಿದರು. ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಬೆಳೆದ ಆಟವೊಂದು ಆ ಧ್ವನಿಯ ಮೂಲಕ ಕ್ವಿಬೆಕ್ ಪ್ರಾಂತದ ಹಳ್ಳಿಗಳ ಅಡುಗೆಮನೆಗಳನ್ನೂ ತಲುಪಿತು. ಎಸೆತಗಾರ ಅಲ್ಲಿ 'ಲಾನ್ಸರ್' ಆದ. ಮೈದಾನದಾಚೆ ಹಾರುವ ಹೊಡೆತ 'ಸಿರ್ಕ್ವಿ' ಆಯಿತು. ತಿರುಗದೆ, ಗಾಳಿಯಲ್ಲಿ ತೊನೆಯುತ್ತ ಬರುವ ಚೆಂಡು ಚಿಟ್ಟೆಚೆಂಡೆಂದು ಕರೆಸಿಕೊಂಡಿತು. ಕ್ರಿಕೆಟಿನ ವರದಿಯಲ್ಲಿ 'ದಾಂಡಿಗ', 'ಹುದ್ದರಿ' ಎಂಬ ಮಾತುಗಳನ್ನು ಓದಿ ಬೆಳೆದ ನಮಗೆ ಈ ಸಂಗತಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಒಂದು ಜನ ಹೊರಗಿನಿಂದ ಬಂದ ಆಟಕ್ಕೆ ತನ್ನ ಭಾಷೆಯಲ್ಲಿ ಹೆಸರಿಡತೊಡಗಿತೆಂದರೆ ಅದು ಆ ಆಟವನ್ನು ಮನೆಯೊಳಕ್ಕೆ ಕರೆದುಕೊಂಡಿದೆ ಎಂದೇ ಅರ್ಥ.

ಇನ್ನು 1994ರ ವಿಚಾರ. ಫೆಲಿಪೆ ಅಲೂ ಎಂಬ ಅನುಭವಿ ತರಬೇತುದಾರನ ಕೈಕೆಳಗೆ ತರುಣರ ತಂಡವೊಂದು ಸಿದ್ಧವಾಗಿತ್ತು. ಪೆಡ್ರೊ ಮಾರ್ಟಿನೆಜ್, ಲ್ಯಾರಿ ವಾಕರ್, ಮಾರ್ಕೀಸ್ ಗ್ರಿಸಮ್, ಮೊಯ್ಸೆಸ್ ಅಲೂ, ಕೆನ್ ಹಿಲ್, ಜಾನ್ ವೆಟ್‌ಲ್ಯಾಂಡ್ ಇವರೆಲ್ಲ ಅದರಲ್ಲಿದ್ದರು. ಸಂಬಳಕ್ಕಾಗಿ ಅತಿ ಕಡಿಮೆ ಹಣ ವ್ಯಯಿಸುತ್ತಿದ್ದ ತಂಡಗಳಲ್ಲಿ ಇದೂ ಒಂದು. ಆದರೂ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ 74 ಆಟಗಳನ್ನು ಗೆದ್ದು ಕೇವಲ 40ರಲ್ಲಿ ಸೋತಿತ್ತು. ಬೇರೆ ಯಾವ ತಂಡಕ್ಕೂ ಇಂಥ ದಾಖಲೆಯಿರಲಿಲ್ಲ. ಊರಿನ ಆಟಗಳಿಗೆ ಸರಾಸರಿ 24 ಸಾವಿರಕ್ಕೂ ಮಿಕ್ಕಿ ಜನ ಬರುತ್ತಿದ್ದರು. ಅಷ್ಟರಲ್ಲಿ ಸಂಬಳಕ್ಕೆ ಮೇಲ್ಮಿತಿ ಹೇರಬೇಕೆಂದು ತಂಡಗಳ ಒಡೆಯರು ಹಟ ಹಿಡಿದುದರಿಂದ ಆಟಗಾರರು ಆಗಸ್ಟ್ 12ರಂದು ಮುಷ್ಕರ ಹೂಡಿದರು. ಸೆಪ್ಟೆಂಬರ್ 14ರಂದು ಉಳಿದ ಆಟಗಳೂ ಅಂತಿಮ ಸ್ಪರ್ಧೆಯಾದ ವರ್ಲ್ಡ್ ಸೀರೀಸೂ ರದ್ದಾದವು. ಎರಡು ಮಹಾಯುದ್ಧಗಳು ನಿಲ್ಲಿಸಲಾರದೆ ಹೋದ ವರ್ಲ್ಡ್ ಸೀರೀಸ್ 1904ರ ಅನಂತರ ನಿಂತದ್ದು ಅದೇ ಮೊದಲು.

ಮುಷ್ಕರ ಹೂಡಿದ ಆಟಗಾರರನ್ನು ನಾನು ದೂರಲಾರೆ. ದುಡಿಯುವವನ ಕೂಲಿಗೆ ಮಿತಿ ಹಾಕಿ ಒಡೆಯನ ಲಾಭಕ್ಕೆ ಮಿತಿಯಿಲ್ಲದಂತೆ ಮಾಡುವ ಯಾವ ಕರಾರನ್ನೂ ಅವರು ಒಪ್ಪಬೇಕಾಗಿರಲಿಲ್ಲ. ಆದರೆ ಆ ಜಗಳದ ದಂಡವನ್ನು ತೆತ್ತದ್ದು ಜಗಳದಲ್ಲಿ ಪಾಲೇ ಇಲ್ಲದ ಊರು. 1995ರ ಏಪ್ರಿಲಿನಲ್ಲಿ ಮುಷ್ಕರ ಮುಗಿದ ಕೂಡಲೆ ತಂಡದ ಆಡಳಿತ ನಷ್ಟದ ನೆಪವೊಡ್ಡಿ ಒಂದೇ ವಾರದಲ್ಲಿ ವೆಟ್‌ಲ್ಯಾಂಡ್, ಹಿಲ್, ಗ್ರಿಸಮ್ ಈ ಮೂವರನ್ನು ಬೇರೆ ತಂಡಗಳಿಗೆ ದಾಟಿಸಿತು. ಕೆನಡಾದವನೇ ಆದ ವಾಕರನನ್ನು ಉಳಿಸಿಕೊಳ್ಳುವ ಪ್ರಯತ್ನವನ್ನೂ ಮಾಡದೆ ಕೈಬಿಟ್ಟಿತು. ಹಿಂದಿನ ವರ್ಷ ಅಗ್ರಸ್ಥಾನದಲ್ಲಿದ್ದ ತಂಡ ಆ ವರ್ಷ ತನ್ನ ವಿಭಾಗದ ತಳಕ್ಕಿಳಿಯಿತು. 1996ರಲ್ಲಿ 88 ಆಟಗಳನ್ನು ಗೆದ್ದು ಮತ್ತೆ ತಲೆಯೆತ್ತಿತಾದರೂ 1997ರಲ್ಲಿ ಲೀಗಿನ ಶ್ರೇಷ್ಠ ಎಸೆತಗಾರನೆಂಬ ಪ್ರಶಸ್ತಿ ಪಡೆದ ಪೆಡ್ರೊ ಮಾರ್ಟಿನೆಜ್‌ನನ್ನು ಅದೇ ವರ್ಷದ ನವೆಂಬರಿನಲ್ಲಿ ಬಾಸ್ಟನ್ನಿಗೆ ಕಳುಹಿಸಲಾಯಿತು. ಮುಂದಿನ ನಾಲ್ಕು ವರ್ಷ, ವರ್ಷಕ್ಕೆ 90ಕ್ಕೂ ಹೆಚ್ಚು ಸೋಲು.

ಮಾಂಟ್ರಿಯಲ್ ಬೆಳೆಸಿದ ಫಲವನ್ನು ಉಂಡವರು ಯಾರೆಂಬುದನ್ನು ನೋಡಿ. 1995ರಲ್ಲಿ ಅಟ್ಲಾಂಟಾ ವರ್ಲ್ಡ್ ಸೀರೀಸ್ ಗೆದ್ದಾಗ ಕೊನೆಯ ಕ್ಯಾಚು ಹಿಡಿದವನು ಗ್ರಿಸಮ್. 1996ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಗೆದ್ದಾಗ ಸರಣಿಯ ಶ್ರೇಷ್ಠನೆನಿಸಿದವನು ವೆಟ್‌ಲ್ಯಾಂಡ್. 2004ರಲ್ಲಿ ಬಾಸ್ಟನ್ 86 ವರ್ಷಗಳ ಬರವನ್ನು ನೀಗಿಸಿಕೊಂಡಾಗ ಆ ತಂಡದಲ್ಲಿ ಮಾರ್ಟಿನೆಜ್ ಇದ್ದ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಹೀಗೆ ವರ್ಷವರ್ಷವೂ ಮನೆಯ ಮಕ್ಕಳನ್ನು ಮಾರಿದ ಮೇಲೆ, ನೋಡುಗರು ಏಕೆ ಬರುವುದಿಲ್ಲ ಎಂದು ಕೇಳುವುದು ಎಷ್ಟರಮಟ್ಟಿಗೆ ಪ್ರಾಮಾಣಿಕ?

ನ್ಯಾಯವಾಗಿ ಹೇಳಬೇಕೆಂದರೆ ಊರಿನಲ್ಲಿಯೂ ಕುಂದುಗಳಿದ್ದವು. 1976ರ ಒಲಿಂಪಿಕ್ಸಿಗಾಗಿ ಕಟ್ಟಿದ ಕ್ರೀಡಾಂಗಣ ಬೇಸ್‌ಬಾಲಿಗೆ ಹೇಳಿ ಮಾಡಿಸಿದ್ದಾಗಿರಲಿಲ್ಲ. 1991ರಲ್ಲಿ ಅದರ ಒಂದು ಭಾರಿ ಕಾಂಕ್ರೀಟ್ ತೊಲೆ ಕುಸಿದುಬಿದ್ದು ತಂಡ ಉಳಿದ ಆಟಗಳನ್ನೆಲ್ಲ ಪರಸ್ಥಳದಲ್ಲಿ ಆಡಬೇಕಾಯಿತು. ವರಮಾನ ಬರುತ್ತಿದ್ದದ್ದು ಕೆನಡಾದ ಡಾಲರಿನಲ್ಲಿ, ಸಂಬಳ ಕೊಡಬೇಕಾಗಿದ್ದದ್ದು ಅಮೆರಿಕದ ಡಾಲರಿನಲ್ಲಿ. 2002ರ ಆರಂಭಕ್ಕೆ ಕೆನಡಾದ ಡಾಲರು ಅಮೆರಿಕದ 62 ಸೆಂಟಿಗೆ ಇಳಿದಿತ್ತು. 1995ರ ಮಾರಾಟವನ್ನು ನಡೆಸಿದವರೂ ಪರದೇಶದವರಲ್ಲ. ಸ್ಥಾಪಕನಾದ ಚಾರ್ಲ್ಸ್ ಬ್ರಾನ್ಫ್‌ಮನ್‌ನಿಂದ 1991ರಲ್ಲಿ ತಂಡವನ್ನು ಕೊಂಡಿದ್ದ ಸ್ಥಳೀಯ ಪಾಲುದಾರರೇ. ಆದ್ದರಿಂದ ಇದನ್ನು ಕೇವಲ ಹೊರಗಿನವರ ಪಿತೂರಿ ಎಂದು ಬಗೆಯುವುದು ಸರಿಯಾಗದು. ಒಡೆಯ ನಮ್ಮೂರಿನವನೇ ಆದರೂ ಅವನ ಲೆಕ್ಕದ ಪುಸ್ತಕದಲ್ಲಿ ಊರಿನ ಅಭಿಮಾನಕ್ಕೆ ಅಂಕಣವಿರುವುದಿಲ್ಲ ಎಂಬುದೇ ಇಲ್ಲಿನ ಪಾಠ.

ನಗರದ ನಡುವೆ ಹೊಸ ಕ್ರೀಡಾಂಗಣ ಕಟ್ಟಿಕೊಟ್ಟರೆ ತಂಡ ಉಳಿಯುತ್ತದೆ ಎಂಬ ಬೇಡಿಕೆ 1990ರ ದಶಕದ ಕೊನೆಯಲ್ಲಿ ಸರಕಾರದ ಮುಂದೆ ಬಂತು. ಆಸ್ಪತ್ರೆಗಳನ್ನು ಮುಚ್ಚಬೇಕಾಗಿ ಬಂದಿರುವ ಕಾಲದಲ್ಲಿ ಬೊಕ್ಕಸದ ಹಣವನ್ನು ಕ್ರೀಡಾಂಗಣಕ್ಕೆ ಸುರಿಯಲಾಗದು ಎಂಬುದು ಕ್ವಿಬೆಕ್ಕಿನ ಪ್ರಧಾನಿ ಲೂಸಿಯೆಂ ಬುಶಾರ್ ಅವರ ನಿಲುವಾಗಿತ್ತು. ಅವರ ರಾಜಕೀಯದ ಬಗೆಗೆ ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ಈ ನಿರಾಕರಣೆ ಸರಿಯಾಗಿತ್ತೆಂದು ನಾನು ನಂಬುತ್ತೇನೆ. ಕ್ರೀಡಾಂಗಣ ಕೊಡಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುತ್ತೇವೆ ಎಂಬುದು ಕೋರಿಕೆಯಲ್ಲ, ಬೆದರಿಕೆ. ಪ್ರೀತಿಯನ್ನು ಒತ್ತೆಯಿಟ್ಟುಕೊಂಡು ಕೇಳುವ ಹಣಕ್ಕೆ ಬೇರೆ ಹೆಸರಿದೆ.

1999ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಲಾಕೃತಿಗಳ ವ್ಯಾಪಾರಿ ಜೆಫ್ರಿ ಲೋರಿಯಾ ಶೇಕಡಾ 24ರಷ್ಟು ಪಾಲು ಪಡೆದು ತಂಡದ ಹಿಡಿತವನ್ನು ಕೈಗೆ ತೆಗೆದುಕೊಂಡರು. ಹೆಚ್ಚಿನ ಬಂಡವಾಳ ಹೂಡಲು ಉಳಿದ ಪಾಲುದಾರರು ಹಿಂಜರಿದಂತೆ ಎರಡೇ ವರ್ಷಗಳಲ್ಲಿ ಅವರ ಪಾಲು ಶೇಕಡಾ 90ನ್ನೂ ಮೀರಿತು. 2000ದಲ್ಲಿ ಇಂಗ್ಲಿಷ್ ರೇಡಿಯೋ ಪ್ರಸಾರದ ಒಪ್ಪಂದ ಕುದುರಲಿಲ್ಲ; ಗಾಳಿಯಲ್ಲಿ ಉಳಿದದ್ದು ಫ್ರೆಂಚ್ ಪ್ರಸಾರ. ಫ್ರೆಂಚರಿಗೆ ಈ ಆಟ ಬೇಡವಾಗಿತ್ತು ಎನ್ನುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕು.

2001ರ ನವೆಂಬರಿನಲ್ಲಿ ಲೀಗಿನ ಒಡೆಯರು ಸಭೆ ಸೇರಿ ಎರಡು ತಂಡಗಳನ್ನು ಅಳಿಸಿಹಾಕಲು ತೀರ್ಮಾನಿಸಿದರು. ತೂಗುಕತ್ತಿಯ ಕೆಳಗಿದ್ದದ್ದು ಮಾಂಟ್ರಿಯಲ್ ಮತ್ತು ಮಿನೆಸೋಟಾ. ಇಂಥ ಸಾರ್ವಭೌಮತ್ವ ಅವರಿಗೆ ಎಲ್ಲಿಂದ ಬಂತು? ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1922ರಲ್ಲಿ ಕೊಟ್ಟ ತೀರ್ಪಿನಿಂದ. ಆಟಗಾರರ ದುಡಿಮೆಯ ವಿಚಾರದಲ್ಲಿ ಈ ವಿನಾಯಿತಿ 1998ರ ಕಾಯಿದೆಯಿಂದ ಕೊನೆಗೊಂಡರೂ ತಂಡಗಳ ಇರವು, ಅಳಿವು, ಸ್ಥಳಾಂತರಗಳು ಒಡೆಯರ ಕೂಟದ ಕೈಯಲ್ಲೇ ಉಳಿದವು. ಮಿನೆಸೋಟಾದ ತಂಡ ತನ್ನ ಕ್ರೀಡಾಂಗಣದ ಗುತ್ತಿಗೆಯಂತೆ 2002ರಲ್ಲಿ ಅಲ್ಲಿ ಆಡಲೇಬೇಕೆಂದು ಅಲ್ಲಿನ ನ್ಯಾಯಾಲಯ ಆಜ್ಞೆಯಿತ್ತದ್ದರಿಂದ ಎರಡು ತಂಡಗಳ ತಲೆಯೂ ಆಗ ಉಳಿಯಿತು. ಒಂದು ಗುತ್ತಿಗೆಯ ಕಾಗದ ಮಾಡಿದ ಕೆಲಸವನ್ನು ಒಂದು ಊರಿನ 33 ವರ್ಷಗಳ ಅಭಿಮಾನ ಮಾಡಲಾರದಾಯಿತು.

ಮುಂದಿನದು ವಿಡಂಬನೆಯನ್ನೂ ಮೀರಿಸುವಂಥದು. 2002ರ ಫೆಬ್ರವರಿಯಲ್ಲಿ ಲೀಗೇ ಎಕ್ಸ್‌ಪೋಸನ್ನು 12 ಕೋಟಿ ಡಾಲರಿಗೆ ಕೊಂಡಿತು. ಅಂದರೆ ಮೈದಾನದಲ್ಲಿ ಎದುರಾಗುವ 29 ತಂಡಗಳ ಒಡೆಯರೇ ಒಟ್ಟಾಗಿ ಮೂವತ್ತನೆಯದರ ಒಡೆಯರಾದರು. ಲೋರಿಯಾ ಫ್ಲಾರಿಡಾದ ಮಾರ್ಲಿನ್ಸ್ ತಂಡವನ್ನು ಕೊಂಡರು. 2003ರಲ್ಲಿ ಆ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಇತ್ತ ಫ್ರಾಂಕ್ ರಾಬಿನ್ಸನ್ ನಡೆಸುತ್ತಿದ್ದ ಎಕ್ಸ್‌ಪೋಸ್ 2002 ಮತ್ತು 2003ರಲ್ಲಿ, ಎರಡು ವರ್ಷವೂ 83 ಆಟಗಳನ್ನು ಗೆದ್ದು ತನ್ನ ಜೀವ ಇನ್ನೂ ಹೋಗಿಲ್ಲವೆಂದು ತೋರಿಸಿತು. 2003ರಲ್ಲಿ ಅದರ ಊರಿನ ಆಟಗಳಲ್ಲಿ 22ನ್ನು ದೂರದ ಪೋರ್ಟೊ ರಿಕೊದಲ್ಲಿ ಆಡಿಸಲಾಯಿತು. ಆದರೂ ಆಗಸ್ಟಿನ ಕೊನೆಗೆ ತಂಡ ಮುಂದಿನ ಸುತ್ತಿನ ಪೈಪೋಟಿಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಎಲ್ಲ ತಂಡಗಳೂ ಕೆಳಹಂತದಿಂದ ಹೆಚ್ಚಿನ ಆಟಗಾರರನ್ನು ಕರೆಸಿಕೊಳ್ಳುವುದು ವಾಡಿಕೆ; ಎಕ್ಸ್‌ಪೋಸಿಗೆ ಖರ್ಚಿನ ನೆಪದಲ್ಲಿ ಅದು ದೊರೆಯಲಿಲ್ಲ. ಪ್ರತಿಸ್ಪರ್ಧಿಗಳೇ ಯಜಮಾನರಾದ ಮನೆಯಲ್ಲಿ ಬೇರೇನನ್ನು ನಿರೀಕ್ಷಿಸಲು ಸಾಧ್ಯ?

2004ರ ಸೆಪ್ಟೆಂಬರ್ 29ರಂದು ತಂಡ ವಾಷಿಂಗ್ಟನ್ನಿಗೆ ಹೋಗುವುದೆಂಬ ಘೋಷಣೆ ಹೊರಬಿತ್ತು. ಅಂದೇ ರಾತ್ರಿ ಮಾಂಟ್ರಿಯಲಿನಲ್ಲಿ ಕೊನೆಯ ಆಟ. ಎದುರಾಳಿ, ಅದೇ ಮಾರ್ಲಿನ್ಸ್. ಜನಕ್ಕೆ ಆಟ ಬೇಡವಾದ ಊರು ಎನಿಸಿಕೊಂಡ ಆ ಊರಿನಿಂದ 31 ಸಾವಿರಕ್ಕೂ ಮಿಕ್ಕಿ ಜನ ಬಂದು 9-1ರ ಸೋಲನ್ನು ಕೊನೆಯವರೆಗೂ ಕಂಡರು. 2006ರಲ್ಲಿ ಲೀಗು ಆ ತಂಡವನ್ನು ವಾಷಿಂಗ್ಟನ್ನಿನ ಹೊಸ ಒಡೆಯರಿಗೆ 45 ಕೋಟಿ ಡಾಲರಿಗೆ ಮಾರಿತು. ಕೊಂಡದ್ದು 12 ಕೋಟಿಗೆ, ಮಾರಿದ್ದು 45 ಕೋಟಿಗೆ. ಮಾಂಟ್ರಿಯಲಿನ ಅವನತಿಯಲ್ಲಿ ಎಲ್ಲರಿಗೂ ನಷ್ಟವಾಯಿತೆಂದು ಹೇಳುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

2001ರಲ್ಲಿ ಇಡೀ ವರ್ಷಕ್ಕೆ ಬಂದ ನೋಡುಗರು ಆರೂವರೆ ಲಕ್ಷದೊಳಗೆ ಇದ್ದರಲ್ಲ ಎಂದು ಓದುಗರು ಕೇಳಬಹುದು. ನಿಜ. ಆದರೆ ರೋಗಿಯ ನಾಡಿಯನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ಇವನು ಹುಟ್ಟಿನಿಂದಲೇ ದುರ್ಬಲನೆಂದು ಬರೆಯುವ ವೈದ್ಯನನ್ನು ಯಾರೂ ನಂಬುವುದಿಲ್ಲ. 23 ಲಕ್ಷದಿಂದ ಆರೂವರೆ ಲಕ್ಷಕ್ಕೆ ಇಳಿದದ್ದು ಭಾಷೆ ಬದಲಾದುದರಿಂದಲ್ಲ. ಎರಡು ಕಾಲದಲ್ಲೂ ಆ ಜನ ಫ್ರೆಂಚನ್ನೇ ಆಡುತ್ತಿದ್ದರು. ಬದಲಾದದ್ದು, ಇವತ್ತು ನಾವು ಮೆಚ್ಚಿದವನು ನಾಳೆಯೂ ನಮ್ಮ ಮೈದಾನದಲ್ಲಿ ಇರುತ್ತಾನೆಂಬ ವಿಶ್ವಾಸ.

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಇದು ಕೇವಲ ದೂರದ ಸುದ್ದಿಯಲ್ಲ. ಈ ನಗರದ ಡೆಕ್ಕನ್ ಚಾರ್ಜರ್ಸ್ ಐಪಿಎಲ್‌ನಲ್ಲಿ 2008ರಲ್ಲಿ ಕಟ್ಟಕಡೆಯದಾಗಿ, 2009ರಲ್ಲಿ ಗೆದ್ದು, 2012ರಲ್ಲಿ ಇಲ್ಲವಾದದ್ದನ್ನು ನಾವೇ ಕಂಡಿದ್ದೇವೆ. ಆ ತೀರ್ಮಾನ ನಡೆದಾಗ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಊರಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ಆಡುವ ತಂಡದಲ್ಲಿ ಊರಿಗೆ ಕಾನೂನುಬದ್ಧವಾದ ಒಂದು ದನಿಯಾದರೂ ಇರಬೇಕು, ಕನಿಷ್ಠಪಕ್ಷ ತಂಡವನ್ನು ಮುಚ್ಚುವಾಗ, ಬೇರೆಡೆಗೆ ಒಯ್ಯುವಾಗ ಅದರ ಒಪ್ಪಿಗೆ ಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ವಾಷಿಂಗ್ಟನ್ನಿನಲ್ಲಿ ಬೇರೆ ಹೆಸರು ತಳೆದ ಆ ತಂಡ 2019ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಮಾಂಟ್ರಿಯಲಿಗೆ ಇಂದಿಗೂ ಪ್ರಧಾನ ಲೀಗಿನ ತಂಡವಿಲ್ಲ. ಎಕ್ಸ್‌ಪೋಸಿನ ಕೊನೆಯ ದೊಡ್ಡ ತಾರೆ ವ್ಲಾಡಿಮಿರ್ ಗೆರೆರೊನ ಮಗ 1999ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. 2018ರ ಮಾರ್ಚಿನಲ್ಲಿ ಟೊರಾಂಟೊ ತಂಡ ಪ್ರದರ್ಶನ ಪಂದ್ಯಕ್ಕೆಂದು ಅಲ್ಲಿಗೆ ಬಂದಾಗ 19 ವರ್ಷದ ಆ ತರುಣ ಕೊನೆಯ ಸರದಿಯಲ್ಲಿ ಚೆಂಡನ್ನು ಮೈದಾನದಾಚೆ ಅಟ್ಟಿ ಆಟ ಗೆಲ್ಲಿಸಿದ. ಬೇರೆ ಊರಿನ ಅಂಗಿ ತೊಟ್ಟವನಿಗಾಗಿ ಆ ಹಳೆಯ ಕ್ರೀಡಾಂಗಣ ಎದ್ದು ನಿಂತು ಕೂಗಿತು. ಆ ಹೊಡೆತಕ್ಕೆ ಅಲ್ಲಿ ಇಂದಿಗೂ 'ಸಿರ್ಕ್ವಿ' ಎಂದೇ ಹೆಸರು. ತಂಡವನ್ನು ಕೊಂಡವರು ಒಯ್ದರು. ಮಾತನ್ನು ಮಾತ್ರ ಅವರು ಕೊಂಡಿರಲಿಲ್ಲ.